ಎಬ್ಬಿಸದೆ ಬಿಟ್ಟ ಮಗು

ಎದೆಲ್ಮಿರಾಗೆ ಸಿಟ್ಟು ಬರುವುದಿಲ್ಲ, ಇರುತ್ತದೆ ಎಂದು ಅವಳ ಗಂಡ ಬದುಕಿದ್ದಾಗ ಹೇಳುತ್ತಿದ್ದ. ಓರಿಸಾಬಾ ಊರಿನ ಮೇಲೆ ಜಿಟಿಜಿಟಿ ಮಳೆ ಸದಾ ಇರುವ ಹಾಗೆ. ಬೆಳಿಗ್ಗೆ ಹಾಲಿನವನ ಮೇಲೆ, ಮಧ್ಯಾಹ್ನ ರೇಡಿಯೋದಲ್ಲಿ ಹವಾಮಾನ ಹೇಳುವವನ ಮೇಲೆ, ಸಂಜೆ ಯಾರೂ ಸಿಗದಿದ್ದರೆ ಗೂಡಿನಲ್ಲಿದ್ದ ಸಂತ ಅಂತೋನಿಯ ಮೇಲೆ. ಕೇಳಿದ್ದು ಕೊಡದ ದಿನ ಅವನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿಬಿಡುತ್ತಿದ್ದಳು. ಸಂತ ಎಷ್ಟೋ ಹಬ್ಬಗಳನ್ನು ಸುಣ್ಣದ ಗೋಡೆ ನೋಡುತ್ತಲೇ ಕಳೆದಿದ್ದ.

ಇವೆಲ್ಲ ಮೇಲುಮೇಲಿನ ಸಿಟ್ಟು. ಅಡಿಯಲ್ಲಿ ಇನ್ನೊಂದಿತ್ತು, ಹಳೆಯದು, ಬೂದಿ ಮುಚ್ಚಿದ ಕೆಂಡದಂಥದು. ಅದಕ್ಕೆ ಕಾರಣ ಒಂದು ಮಗು.

ಸಾನ್ ಕಾಸ್ಮೆ ಹತ್ತಿ ಗಿರಣಿಯಲ್ಲಿ ಎದೆಲ್ಮಿರಾ ಲಂಗ ಹಾಕುವ ವಯಸ್ಸಿನಿಂದ ತಲೆ ನರೆಯುವವರೆಗೆ ಮಗ್ಗ ನಡೆಸಿದವಳು. ಆ ಮಗ್ಗದ ಶೆಡ್ಡಿನ ಗೋಡೆಗೂಡಿನಲ್ಲಿ ಬಾಲಯೇಸುವಿನ ಒಂದು ಮರದ ಬೊಂಬೆ ಇತ್ತು. ಯಾವ ಕಾಲದಲ್ಲೋ ನೇಕಾರರೇ ಚಂದಾ ಎತ್ತಿ ಮಾಡಿಸಿದ್ದು. ಮೊಳದುದ್ದ, ಗಾಜಿನ ಕಣ್ಣು. ಎಡಗಾಲಿನ ಹೆಬ್ಬೆರಳು ಮಾತ್ರ ಇರಲಿಲ್ಲ. ಮಗ್ಗದಿಂದ ಹಾರಿದ ಲಾಳಿಯೊಂದು ಹೊಡೆದು ಕಿತ್ತುಕೊಂಡು ಹೋಗಿತ್ತು. ಶೆಡ್ಡಿನಲ್ಲಿ ಬೆರಳು ಕಳೆದುಕೊಂಡವರು ಬಹಳ ಜನ ಇದ್ದದ್ದರಿಂದ ಅವನೂ ತಮ್ಮವನೇ ಎಂದು ಎಲ್ಲರಿಗೂ ಸಲಿಗೆ ಬೆಳೆದಿತ್ತು. ದೇವರು ಎಂದು ಯಾರೂ ಕರೆಯುತ್ತಿರಲಿಲ್ಲ. ಮಗು ಎನ್ನುತ್ತಿದ್ದರು.

ಕ್ರಿಸ್‌ಮಸ್ಸಿಗೆ ಮಗುವನ್ನು ಗೋದಲಿಯ ಹುಲ್ಲಿನ ಮೇಲೆ ಮಲಗಿಸಬೇಕು. ಫೆಬ್ರವರಿ ಎರಡು, ಮೇಣದಬತ್ತಿಯ ಹಬ್ಬದ ದಿನ, ಅದನ್ನು ಎಬ್ಬಿಸಿ, ಹೊಸ ಬಟ್ಟೆ ತೊಡಿಸಿ, ಇಗರ್ಜಿಗೆ ಎತ್ತಿಕೊಂಡು ಹೋಗಿ ಆಶೀರ್ವಾದ ಮಾಡಿಸಿ, ತಂದು ಗೂಡಿನಲ್ಲಿ ಕೂರಿಸಬೇಕು. ಎಬ್ಬಿಸದೆ ಬಿಟ್ಟರೆ ಮಗು ವರ್ಷವಿಡೀ ಬರಿಮೈಯಲ್ಲಿ ಚಳಿಗೆ ಬಿದ್ದಿರುತ್ತದೆ, ಅಂಥ ಮನೆಗೆ ಏಳಿಗೆ ಎಲ್ಲಿಂದ ಬರಬೇಕು. ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ಜ್ಞಾನತಾಯಿ ಬೇಕು, ಒಮ್ಮೆ ಒಪ್ಪಿಕೊಂಡರೆ ಮೂರು ವರ್ಷ ಬಿಡುವಂತಿಲ್ಲ.

ಅವಳನ್ನು ಆರಿಸುತ್ತಿದ್ದದ್ದು ಒಂದು ರೊಟ್ಟಿ. ಜನವರಿಯಲ್ಲಿ ಮೂರು ರಾಯರ ಹಬ್ಬಕ್ಕೆ ಬಳೆಯಾಕಾರದ ದೊಡ್ಡ ಸಿಹಿರೊಟ್ಟಿ ಕೊಯ್ಯುತ್ತಾರೆ, ರೋಸ್ಕಾ ಅಂತ. ಒಳಗೆ ಹೆಬ್ಬೆರಳುಗಾತ್ರದ ಬೊಂಬೆ ಹುದುಗಿಸಿಟ್ಟಿರುತ್ತಾರೆ. ಯಾರ ತುಂಡಿನಲ್ಲಿ ಬೊಂಬೆ ಸಿಗುತ್ತದೋ ಅವರು ಮೇಣದಬತ್ತಿಯ ಹಬ್ಬಕ್ಕೆ ಎಲ್ಲರಿಗೂ ತಮಾಲೆ, ಅಂದರೆ ಜೋಳದ ಸಿಪ್ಪೆಯಲ್ಲಿ ಸುತ್ತಿದ ಕಡುಬು, ಬೇಯಿಸಿ ಬಡಿಸಬೇಕು. ಊರಿನ ಮನೆಮನೆಯಲ್ಲೂ ಇದು ಇದ್ದದ್ದೇ. ತಮಾಲೆಯ ಖರ್ಚಿಗೆ ಹೆದರಿ ಬೊಂಬೆಯನ್ನು ಗುಟ್ಟಾಗಿ ಜೇಬಿಗಿಳಿಸುವವರು ಮನೆಮನೆಯಲ್ಲೂ ಇದ್ದಾರೆ. ಕಾಫಿಯ ಜೊತೆ ನುಂಗಿದವರೂ ಉಂಟು. ಸಾನ್ ಕಾಸ್ಮೆಯಲ್ಲಿ ಮಾತ್ರ ಕಟ್ಟಳೆ ಇನ್ನೊಂದು ಹೆಜ್ಜೆ ಮುಂದಿತ್ತು. ಹಳೆಯ ಜ್ಞಾನತಾಯಿಯ ಮೂರು ವರ್ಷ ಮುಗಿದ ಮೇಲೆ ಬೊಂಬೆ ಯಾರಿಗೆ ಸಿಗುತ್ತದೋ ಮಗು ಅವರ ಪಾಲಿಗೆ. ಅಲ್ಲಿ ಬೊಂಬೆ ಬಚ್ಚಿಡುವುದೆಂದರೆ ಮಗುವನ್ನೇ ಬೀದಿಯಲ್ಲಿ ಬಿಟ್ಟ ಹಾಗೆ.

ಎದೆಲ್ಮಿರಾಗೆ ಬೊಂಬೆ ಸಿಕ್ಕಿತು. ಮೊದಲ ವರ್ಷ ಬಿಳಿಯ ಉದ್ದಂಗಿ ತೊಡಿಸಿದಳು. ಎರಡನೆಯ ವರ್ಷ ಕುರುಬನ ಕಂಬಳಿ. ಮೂರನೆಯ ವರ್ಷಕ್ಕೆ ರಾಜನ ನಿಲುವಂಗಿ. ಗಿರಣಿಯದೇ ಬಟ್ಟೆ, ಅಂಚಿಗೆ ಚಿನ್ನದ ಬಣ್ಣದ ದಾರ. ಅದನ್ನು ಹೊಲಿದು ಮುಗಿಸಿದ ವಾರವೇ ಗಿರಣಿಯ ಬಾಗಿಲಿಗೆ ಬೀಗ ಬಿತ್ತು. ಜನವರಿಯ ಒಂದು ಸೋಮವಾರ, ಹೇಳದೆ ಕೇಳದೆ. ಮಗು ಒಳಗೆ ಗೋದಲಿಯಲ್ಲಿ ಮಲಗಿತ್ತು.

"ಮಗೂನಾದ್ರೂ ಕೊಡ್ರಪ್ಪಾ" ಎಂದು ಗೇಟಿನ ಸರಳು ಹಿಡಿದು ಕೇಳಿದವಳಿಗೆ, ಒಳಗಿನ ಮೊಳೆಯಿಂದ ಹಿಡಿದು ಎಲ್ಲವೂ ಬ್ಯಾಂಕಿನದು ಎಂದರು. ಎದೆಲ್ಮಿರಾ ನಿಲುವಂಗಿಯನ್ನು ಮಡಿಚಿ ಟ್ರಂಕಿನಲ್ಲಿಟ್ಟಳು. ಅವಳ ಮೂರನೆಯ ವರ್ಷ ಹತ್ತು ವರ್ಷ ಕಳೆದರೂ ಮುಗಿಯಲಿಲ್ಲ. ಬ್ಯಾಂಕಿನವರು ಮಗುವನ್ನು ಸೌದೆಗೆ ಮಾರಿರುತ್ತಾರೆ ಎಂದೇ ಅವಳ ಲೆಕ್ಕ. ಆಮೇಲೆ ಯಾರೋ ದೊಡ್ಡವರು ಗಿರಣಿಯನ್ನು ಕೊಂಡು ಸುಣ್ಣ ಬಳಿದು ವಸ್ತುಸಂಗ್ರಹಾಲಯ ಮಾಡಿದರು. ದಬ್ಬಿಸಿಕೊಂಡ ಬಾಗಿಲಲ್ಲಿ ಟಿಕೆಟ್ ಕೊಂಡು ಒಳಗೆ ಹೋಗಲು ತನಗೇನು ಹುಚ್ಚೇ ಎಂದು ಅವಳು ಆ ಬೀದಿ ತುಳಿಯುವುದನ್ನೇ ಬಿಟ್ಟಳು.

ಈ ಜನವರಿಯ ಕೊನೆಗೆ ರಾಜಧಾನಿಯಿಂದ ನಾದಿನಿ ಗ್ರಾಸಿಯೆಲಾ ಬಂದಳು. ರಾಜಧಾನಿಯಲ್ಲಿ ಬಹಳ ಕಾಲ ಇದ್ದವರಿಗೆ ಬೇರೆ ಊರಿನ ಗಾಳಿಯೂ ಸ್ವಲ್ಪ ಹಳತಾಗಿಯೇ ಕಾಣುತ್ತದೆ. ಗ್ರಾಸಿಯೆಲಾ ಅಗಲ ಅಂಚಿನ ಟೋಪಿ ಹಾಕಿ, ಫೋನನ್ನು ಸೆಲ್ಫಿ ಕಡ್ಡಿಗೆ ಸಿಕ್ಕಿಸಿ, ತಾನು ಹುಟ್ಟಿದ ಊರನ್ನೇ ಹೊಸದಾಗಿ ಕಂಡುಹಿಡಿಯಲು ಹೊರಟಳು.

"ಅತ್ತಿಗೆ, ಇಷ್ಟು ವರ್ಷ ಇಲ್ಲೇ ಇದ್ದು ಕಬ್ಬಿಣದ ಅರಮನೆ ಒಳಗೆ ಹೋಗಿಲ್ಲ ಅಂದ್ರೆ ಏನು ಹೇಳಲಿ ನಿಮಗೆ? ಬೆಲ್ಜಿಯಂನಿಂದ ತುಂಡುತುಂಡಾಗಿ ಹಡಗಲ್ಲಿ ಬಂದದ್ದು."

"ಕಬ್ಬಿಣದೊಳಗೆ ಹೋಗಿ ಕೂರೋಕೆ ನಾನೇನು ಇಸ್ತ್ರಿಪೆಟ್ಟಿಗೆ ಕೆಂಡಾನಾ?"

"ಇಲ್ಲಿ ನಿಂತ್ಕೊಳಿ. ನಗಿ, ನಗಿ. ಫೋಟೋ."

ಎದೆಲ್ಮಿರಾ ನಗಲಿಲ್ಲ. ಆದರೆ ಪಕ್ಕದಲ್ಲಿ ಹೋಗುತ್ತಿದ್ದ ಐಸ್‌ಕ್ರೀಮಿನವನು, ಒಬ್ಬ ಪೊಲೀಸು, ಇಬ್ಬರು ಸನ್ಯಾಸಿನಿಯರು ತಮಗೇ ಹೇಳಿದ್ದೆಂದು ಹಲ್ಲು ಕಿರಿದರು. ಗ್ರಾಸಿಯೆಲಾಳ ದನಿಯಲ್ಲಿ ಅಂಥದ್ದೊಂದು ಅಧಿಕಾರವಿತ್ತು.

ಕೇಬಲ್ ಕಾರಿನ ತಂತಿ ತೊಟ್ಟಿಲಲ್ಲಿ ಬೆಟ್ಟ ಹತ್ತಿದರು. ಮೇಲೆ ಮೋಡ.

"ಹಿಮದ ಶಿಖರ ಕಾಣೋದೇ ಇಲ್ವಲ್ಲ ಅತ್ತಿಗೆ."

"ಬೆಳಿಗ್ಗೆ ಕಂಡಿತ್ತು. ನೀನು ಹತ್ತಕ್ಕೆ ಎದ್ದೆ. ನಿನಗೋಸ್ಕರ ಅದು ಕಾಯುತ್ತಾ?"

ಕೆಳಗೆ ಸಾನ್ ಕಾಸ್ಮೆಯ ಗರಗಸದ ಹಲ್ಲಿನಂಥ ಛಾವಣಿ, ಹೊಗೆಯಿಲ್ಲದ ಚಿಮಣಿ ಕಂಡವು. ಎದೆಲ್ಮಿರಾ ಮುಖ ತಿರುಗಿಸಿದಳು. ಗ್ರಾಸಿಯೆಲಾ ಅದನ್ನೇ ಬೆರಳು ಮಾಡಿ, "ಮಧ್ಯಾಹ್ನ ಅಲ್ಲಿಗೆ" ಎಂದಳು. ಬರುವುದಿಲ್ಲ ಎಂದು ಎದೆಲ್ಮಿರಾ ಹೇಳಬಹುದಿತ್ತು. ಆದರೆ ನಾದಿನಿ ಆಗಲೇ, "ಬಿಡಿ, ಪಾಪ ನಿಮಗೆ ಮಂಡಿ ನೋವು" ಎಂದುಬಿಟ್ಟಳು. ತನ್ನ ಮಂಡಿಯ ಬಗ್ಗೆ ರಾಜಧಾನಿಯವರು ಮಾತಾಡುವುದನ್ನು ಎದೆಲ್ಮಿರಾ ಸಹಿಸುವವಳಲ್ಲ.

ಶೆಡ್ಡಿನೊಳಗೆ ಕಾಲಿಟ್ಟಾಗ ಮೊದಲು ಸಿಟ್ಟು ಬಂದದ್ದು ಶಬ್ದದ ಮೇಲೆ. ಮಗ್ಗಗಳಿಗೆ ಮೆರುಗು ಬಳಿದು ಸಾಲಾಗಿ ನಿಲ್ಲಿಸಿದ್ದರು. ಒಂದು ಹನಿ ಎಣ್ಣೆಯಿಲ್ಲ, ಒಂದು ಎಳೆ ಹತ್ತಿಯಿಲ್ಲ. ಮಗ್ಗದ ಸದ್ದನ್ನು ಧ್ವನಿವರ್ಧಕದಲ್ಲಿ ಜೋಗುಳದಷ್ಟು ಮೆಲ್ಲಗೆ ಹಾಕಿದ್ದರು. ನಿಜವಾದ ಮಗ್ಗದ ಸದ್ದು ಅವಳ ಕಿವಿಯನ್ನು ಅರ್ಧ ತಿಂದಿತ್ತು. ಆ ಗದ್ದಲದಲ್ಲಿ ಬಾಯಿ ಬಿಟ್ಟು ಕೂಗಿದರೂ ಕೇಳುತ್ತಿರಲಿಲ್ಲವಾದ್ದರಿಂದ ಅಲ್ಲಿನ ಹೆಂಗಸರು ಗಂಡಸರೆಲ್ಲ ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಸಂಸಾರದ ಜಗಳ, ಮದುವೆಯ ಮಾತುಕತೆ, ಮೇಸ್ತ್ರಿಯ ಮೇಲಿನ ಬೈಗುಳ ಎಲ್ಲ ಇಷ್ಟಗಲ ಶೆಡ್ಡಿನ ಆ ತುದಿಯಿಂದ ಈ ತುದಿಗೆ ಸದ್ದಿಲ್ಲದೆ ಹೋಗುತ್ತಿದ್ದವು. ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವವನನ್ನು ನೇಕಾರರು ಎಂದೂ ನಂಬುತ್ತಿರಲಿಲ್ಲ.

ಕೊನೆಯ ಸಾಲಿನಾಚೆ ಗಾಜಿನ ಪೆಟ್ಟಿಗೆ. ಒಳಗೆ ಪ್ಲಾಸ್ಟಿಕ್ ಹುಲ್ಲು. ಹುಲ್ಲಿನ ಮೇಲೆ ಮಗು ಅಂಗಾತ ಮಲಗಿತ್ತು, ಬರಿಮೈಯಲ್ಲಿ. ಎಡಗಾಲಿಗೆ ಹೆಬ್ಬೆರಳಿಲ್ಲ.

ಪಕ್ಕದ ಫಲಕವನ್ನು ಗ್ರಾಸಿಯೆಲಾ ಗಟ್ಟಿಯಾಗಿ ಓದಿದಳು. "ಅನಾಮಧೇಯ ಕಾರ್ಮಿಕ ಭಕ್ತಿ. ಕೊಡುಗೆ: ಗಿರಣಿಯ ಹಿಂದಿನ ಮಾಲೀಕರ ಕುಟುಂಬ. ಚೆನ್ನಾಗಿದೆ ಅಲ್ವಾ ಅತ್ತಿಗೆ? ಅತ್ತಿಗೆ?"

ಎದೆಲ್ಮಿರಾ ಗಾಜಿಗೆ ಎರಡೂ ಅಂಗೈ ಊರಿ ನಿಂತಿದ್ದಳು. ಗಾಜು ತಣ್ಣಗಿತ್ತು. ಮೇಲಿನ ಯಂತ್ರದಿಂದ ತಣ್ಣನೆಯ ಗಾಳಿ ಸುಯ್ಯೆಂದು ಇಳಿಯುತ್ತಿತ್ತು.

"ಹತ್ತು ವರ್ಷ" ಎಂದಳು. "ಹತ್ತು ವರ್ಷದಿಂದ ಎಬ್ಬಿಸಿಲ್ಲ ಈ ಪಾಪಿಗಳು. ಮೇಲಿಂದ ಗಾಳಿ ಬೇರೆ ಹಾಕಿದಾರೆ."

ಮೂಲೆಯ ಸ್ಟೂಲಿನಿಂದ ಕಾವಲುಗಾರ ಎದ್ದು ಬಂದ. ನಾಬೋರ್. ಮೂರನೆಯ ಸಾಲಿನಲ್ಲಿ ಅವಳೆದುರೇ ಮಗ್ಗ ನಡೆಸುತ್ತಿದ್ದವನು. ಈಗ ಅವನಿಗೆ ಹಿತ್ತಾಳೆ ಗುಂಡಿಯ ಕೋಟು ತೊಡಿಸಿದ್ದರು. "ದೋನ್ಯಾ, ಗಾಜು ಮುಟ್ಟಬಾರದಂತೆ" ಎಂದು ತಲೆತಗ್ಗಿಸಿದ.

"ಅಂತೆ ಅಂದವರು ಯಾರು? ಕರಿ ಅವರನ್ನ."

ಬಂದವರು ನಿರ್ದೇಶಕ, ಲಿಸೆನ್ಸಿಯಾದೊ ಅರಿಸ್ತೆಯೊ ಉರ್ರುತಿಯಾ. ಪದವಿ ಪಡೆದವನನ್ನು ಆ ಊರಿನಲ್ಲಿ ಲಿಸೆನ್ಸಿಯಾದೊ ಎನ್ನುತ್ತಾರೆ. ಈತ ಮಾತ್ರ ಅದನ್ನು ತನ್ನ ಚಿಕ್ಕಂದಿನ ಹೆಸರೆಂಬಂತೆ ಹಚ್ಚಿಕೊಂಡಿದ್ದ. ಫೋನೆತ್ತಿದರೂ "ಲಿಸೆನ್ಸಿಯಾದೊ ಮಾತಾಡ್ತಿದೀನಿ" ಎನ್ನುತ್ತಿದ್ದ, ತಾಯಿಯ ಜೊತೆಗೂ. ನುಣ್ಣನೆಯ ಸೂಟು, ಕತ್ತಿಗೆ ರೇಷ್ಮೆಯ ವಸ್ತ್ರ. ಮಾತಾಡುವಾಗ ಎಡಗೈಯ ಬೆರಳುಗಳನ್ನು ಬಾಯಿಯ ಮುಂದೆ ತಂದುಕೊಳ್ಳುತ್ತಿದ್ದ.

"ಸೆನ್ಯೋರಾ, ತಮ್ಮ ಭಾವನೆ ಅರ್ಥವಾಗುತ್ತೆ. ಆದರೆ ಇದು ಈಗ ಬರೀ ಬೊಂಬೆ ಅಲ್ಲ, ಪರಂಪರೆ. ಇದರ ಸುತ್ತ ಒಂದು ಕಥನ ಇದೆ."

"ಕೈ ತೆಗೀರಿ ಬಾಯಿಂದ. ಏನಂದ್ರಿ ತಿಳೀಲಿಲ್ಲ."

"ಕಥನ ಅಂದೆ."

"ಕಥನ ಅಲ್ಲ ಅದು, ಮಗು. ನಾನು ಅದರ ಜ್ಞಾನತಾಯಿ. ಗಾಜು ತೆಗೀರಿ. ನಾಳಿದ್ದು ಹಬ್ಬ. ಎಬ್ಬಿಸಬೇಕು, ಇಗರ್ಜಿಗೆ ಹೋಗಿಬರಬೇಕು, ಕೂರಿಸಬೇಕು. ಆಮೇಲೆ ನಿಮ್ಮ ಪರಂಪರೆ ಏನು ಬೇಕಾದ್ರೂ ಮಾಡ್ಕೊಳ್ಳಿ."

"ಪೆಟ್ಟಿಗೆಯೊಳಗಿನ ತಾಪಮಾನ ಬದಲಾದರೆ ಮರ ಬಿರುಕು ಬಿಡುತ್ತೆ, ಸೆನ್ಯೋರಾ."

"ಈ ಶೆಡ್ಡಿನ ಸೆಕೆಯಲ್ಲಿ ನಲವತ್ತು ವರ್ಷ ಇದ್ದ ಮರ. ನಾವೂ ಇದ್ವಿ. ಯಾರೂ ಬಿರುಕು ಬಿಟ್ಟಿಲ್ಲ."

ಲಿಸೆನ್ಸಿಯಾದೊ ಬೆರಳುಗಳ ಹಿಂದಿನಿಂದ ಸಂರಕ್ಷಣೆ, ಸಮುದಾಯ, ಸಂವಾದ ಎಂಬ ಮೂರು ಮಾತುಗಳನ್ನು ಬೇರೆಬೇರೆ ಕ್ರಮದಲ್ಲಿ ಜೋಡಿಸಿ ಮಾತಾಡತೊಡಗಿದ. ಇನ್ನೊಂದು ಗಳಿಗೆ ಹೋಗಿದ್ದರೆ ಎದೆಲ್ಮಿರಾ ಆ ರೇಷ್ಮೆಯ ವಸ್ತ್ರಕ್ಕೇ ಕೈ ಹಾಕುತ್ತಿದ್ದಳೇನೋ. ಅಷ್ಟರಲ್ಲಿ ಅವನ ಬೆನ್ನ ಹಿಂದೆ ನಿಂತಿದ್ದ ನಾಬೋರನ ತುಟಿ ಅಲ್ಲಾಡಿತು. ಸದ್ದಿಲ್ಲ. ಹಳೆಯ ಕಾಲದ ಹಾಗೆ.

"ಮೂರು ರಾಯರ ಹಬ್ಬಕ್ಕೆ ಇಲ್ಲೇ ರೋಸ್ಕಾ ಕೊಯ್ದ್ರು" ಎಂದಿತು ನಾಬೋರನ ಬಾಯಿ.

ಎದೆಲ್ಮಿರಾ ಲಿಸೆನ್ಸಿಯಾದೊನ ಭುಜದ ಮೇಲಿಂದ ನೋಡುತ್ತ ನಿಂತಳು. ತನ್ನ ಮಾತು ನಾಟುತ್ತಿದೆ ಎಂದುಕೊಂಡು ಅವನು ಇನ್ನಷ್ಟು ಉತ್ಸಾಹದಿಂದ ಸಂವಾದದ ಬಗ್ಗೆ ವಿವರಿಸಿದ.

"ಬೊಂಬೆ ಯಾರಿಗೂ ಸಿಗಲಿಲ್ಲ ಅಂದ್ರು. ಇವನು ಒಂದು ತುಂಡು ಕಚ್ಚಿದ, ಬಾಯಿ ಹಿಡ್ಕೊಂಡ, ಹೊರಗೋಡಿದ. ಅವತ್ತಿಂದ ಹೀಗೇ, ಬಾಯಿಗೆ ಕೈ" ಎಂದವು ನಾಬೋರನ ತುಟಿಗಳು.

ಎದೆಲ್ಮಿರಾ ಕಣ್ಣು ಕಿರಿದು ಮಾಡಿ ಆ ಎಡಗೈಯನ್ನು ನೋಡಿದಳು. ಆಮೇಲೆ, ನೆನಪಿದ್ದ ಕಾಲದಿಂದ ಮೊದಲ ಸಲ, ಮೆಲ್ಲಗೆ ಮಾತಾಡಿದಳು.

"ಹಬ್ಬದ ದಿನ ಇಲ್ಲಿ ಏನಾದ್ರೂ ಇದೆಯಾ, ಲಿಸೆನ್ಸಿಯಾದೊ?"

"ಜೀವಂತ ಪರಂಪರೆಯ ಸಂಜೆ. ಗಣ್ಯರು ಬರ್ತಾರೆ. ತಮ್ಮಂಥವರೂ ಖಂಡಿತ ಬರಬೇಕು."

"ಬರ್ತೀನಿ" ಎಂದಳು ಎದೆಲ್ಮಿರಾ. ಅವಳು ಇಷ್ಟು ಬೇಗ ಒಪ್ಪಿದ್ದನ್ನು ನೋಡಿ ಗ್ರಾಸಿಯೆಲಾಗೆ ಭಯವೇ ಆಯಿತು. ದಾರಿಯುದ್ದಕ್ಕೂ, "ಅತ್ತಿಗೆ, ದೊಡ್ಡವರ ಜೊತೆ ಜಗಳ ಬೇಡ. ಮರ್ಯಾದೆ ಹೋಗುತ್ತೆ" ಎಂದಳು.

"ಯಾರದ್ದು?"



ಹಬ್ಬದ ಸಂಜೆ ಎದೆಲ್ಮಿರಾ ರೊಟ್ಟಿಯ ಬುಟ್ಟಿಯಲ್ಲಿ ನಿಲುವಂಗಿ ಇಟ್ಟುಕೊಂಡು ಬಂದಳು. ಜೊತೆಗೆ ಬದುಕುಳಿದಿದ್ದ ಹಳೆಯ ನೇಕಾರ ಹೆಂಗಸರು, ಎಲ್ಲರೂ ಕಪ್ಪು ಶಾಲು. ಗಣ್ಯರ ಕುರ್ಚಿಗಳ ಹಿಂದೆ ಅವರನ್ನು ನಿಲ್ಲಿಸಿದರು. ತಮ್ಮ ತಮ್ಮ ಮಗ್ಗದ ಪಕ್ಕದಲ್ಲೇ ನಿಂತಿದ್ದರಿಂದ ಅವರಿಗೆ ಅದು ಅವಮಾನವೆಂದು ಹೊಳೆಯಲಿಲ್ಲ. ಎದೆಲ್ಮಿರಾಗೆ ಹೊಳೆಯಿತು, ಅವಳು ಅದನ್ನೂ ಬುಟ್ಟಿಗೆ ಹಾಕಿಕೊಂಡಳು.

ಲಿಸೆನ್ಸಿಯಾದೊ ಮೈಕನ್ನು ತುಟಿಗೆ ಒತ್ತಿ ಹಿಡಿದು ಮಾತಾಡಿದ. ಸಂಪ್ರದಾಯವೆಂಬುದು ಸತ್ತ ವಸ್ತುವಲ್ಲ, ಅದು ನಮ್ಮ ನಡುವೆ ಉಸಿರಾಡುತ್ತಿದೆ ಎಂದ. ಗಣ್ಯರು ಚಪ್ಪಾಳೆ ತಟ್ಟಿದರು. ಯಾರಾದರೂ ಏನಾದರೂ ಕೇಳುವುದಿದೆಯೇ ಎಂದ. ಯಾರೂ ಕೇಳುವುದಿಲ್ಲ ಎಂಬ ಭರವಸೆಯಿಂದ ಮಾತ್ರ ಕೇಳುವ ಪ್ರಶ್ನೆ ಅದು.

"ನಾನು ಕೇಳ್ತೀನಿ" ಎಂದಳು ಎದೆಲ್ಮಿರಾ. ಮಗ್ಗದ ಗದ್ದಲದಲ್ಲಿ ತಯಾರಾದ ದನಿಗೆ ಮೈಕು ಬೇಕಿರಲಿಲ್ಲ. "ಮೂರು ರಾಯರ ಹಬ್ಬಕ್ಕೆ ಇಲ್ಲಿ ರೋಸ್ಕಾ ಕೊಯ್ದ್ರಿ. ಬೊಂಬೆ ಯಾರಿಗೆ ಸಿಕ್ತು?"

"ಅದು... ಯಾರಿಗೂ ಸಿಗಲಿಲ್ಲ. ಬೇಕರಿಯವರು ಹಾಕೋದು ಮರೆತಿರಬೇಕು."

ಕಪ್ಪು ಶಾಲುಗಳ ನಡುವಿಂದ ಒಂದು ತೆಳು ದನಿ ಬಂತು. "ಅದನ್ನ ಬೇಯಿಸಿದ್ದು ನನ್ನ ಮಗಳು, ಸ್ವಾಮಿ. ಹಾಕಿದಾಳೆ. ಪ್ಲಾಸ್ಟಿಕ್ಕಿನದಲ್ಲ, ಪಿಂಗಾಣೀದು. ದೊಡ್ಡ ಮನುಷ್ಯರು ತಿನ್ನೋದು ಅಂತ ಒಳ್ಳೇದೇ ಹಾಕಿದ್ಲು."

"ಪಿಂಗಾಣಿ" ಎಂದಳು ಎದೆಲ್ಮಿರಾ. "ಗಟ್ಟಿ ಇರುತ್ತೆ ಅದು. ಲಿಸೆನ್ಸಿಯಾದೊ, ಮೈಕು ಕೆಳಗಿಟ್ಟು ಸ್ವಲ್ಪ ನಗಿ, ನೋಡೋಣ."

ಲಿಸೆನ್ಸಿಯಾದೊನ ಕೈ ಬಾಯಿಗೆ ಹೋಯಿತು. "ಇದು ಸಭ್ಯತೆ ಅಲ್ಲ, ಸೆನ್ಯೋರಾ. ಕಾವಲುಗಾರ, ಇವರನ್ನ ಹೊರಗೆ..."

ನಾಬೋರ್ ಛಾವಣಿ ನೋಡುತ್ತ ನಿಂತ. ಗಿರಣಿಯಲ್ಲಿ ಅವನಿಗೆ ಕಿವಿ ಪೂರ್ತಿ ಹೋಗಿದೆ ಎಂದು ಆ ಕ್ಷಣದಲ್ಲಿ ಎಲ್ಲರಿಗೂ ಅನ್ನಿಸುವ ಹಾಗೆ.

ಅತ್ತಿಗೆಯನ್ನು ಹೊರಗೆ ಹಾಕಿ ಎಂಬ ಮಾತು ಕಿವಿಗೆ ಬಿದ್ದದ್ದೇ, ಮರ್ಯಾದೆ ಮರ್ಯಾದೆ ಎಂದು ಎರಡು ದಿನದಿಂದ ಜಪಿಸುತ್ತಿದ್ದ ಗ್ರಾಸಿಯೆಲಾ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಕಡ್ಡಿಯ ತುದಿಯ ಫೋನನ್ನು ಅವನ ಮುಖಕ್ಕೆ ಹಿಡಿದು, ಪೊಲೀಸನನ್ನೂ ಸನ್ಯಾಸಿನಿಯರನ್ನೂ ನಗಿಸಿದ ಅದೇ ದನಿಯಲ್ಲಿ ಹೇಳಿದಳು.

"ಲಿಸೆನ್ಸಿಯಾದೊ, ಇಲ್ಲಿ ನೋಡಿ. ಫೋಟೋ. ನಗಿ."

ಹತ್ತಾರು ಉದ್ಘಾಟನೆಗಳಲ್ಲಿ ರಿಬ್ಬನ್ ಕತ್ತರಿಸಿದ ಮನುಷ್ಯನ ಮುಖ ತನ್ನ ಯಜಮಾನನ ಅಪ್ಪಣೆಗೆ ಕಾಯುವುದಿಲ್ಲ. ಕ್ಯಾಮೆರಾ ಕಂಡದ್ದೇ ಕೈ ತಾನಾಗಿ ಕೆಳಗಿಳಿಯಿತು, ಬೆನ್ನು ನೆಟ್ಟಗಾಯಿತು, ಬಾಯಿ ಅಗಲವಾಯಿತು. ಮುಂದಿನ ಹಲ್ಲು ಅರ್ಧಕ್ಕೆ ಓರೆಯಾಗಿ ಮುರಿದಿತ್ತು.

ಮೊದಲು ನಕ್ಕದ್ದು ಗಣ್ಯರೇ. ಅವರಲ್ಲಿ ಬೊಂಬೆ ನುಂಗಿದವರು ಒಬ್ಬಿಬ್ಬರಾದರೂ ಇದ್ದಿರಬೇಕು, ಅವರ ನಗು ಇನ್ನೂ ಜೋರಾಗಿತ್ತು. ಲಿಸೆನ್ಸಿಯಾದೊ ಕೆಂಪಗಾದ. ಆಮೇಲೆ ಕೋಟಿನ ಒಳಜೇಬಿಗೆ ಕೈ ಹಾಕಿ ಕರವಸ್ತ್ರದಲ್ಲಿ ಸುತ್ತಿದ ಪುಟ್ಟ ಬಿಳಿಯ ಬೊಂಬೆಯನ್ನು ಹೊರಗೆ ತೆಗೆದ. ಅದನ್ನು ಎಸೆಯಲು ಅವನಿಗೂ ಧೈರ್ಯ ಬಂದಿರಲಿಲ್ಲ.

"ತಮಾಲೆ ಕೊಡಿಸ್ತೀನಿ" ಎಂದ, ತಗ್ಗಿದ ದನಿಯಲ್ಲಿ.

"ತಮಾಲೆ ಎಲ್ಲಿಗೆ ಸಾಲುತ್ತೆ? ಈ ಶೆಡ್ಡಲ್ಲಿ ಬೊಂಬೆ ಸಿಕ್ಕವನಿಗೆ ಮಗು. ಮೂರು ವರ್ಷ. ಆದ್ರೆ ನಿಮ್ಮ ಸರದಿ ಇನ್ನೂ ಬಂದಿಲ್ಲ. ನಂದು ಒಂದು ವರ್ಷ ಬಾಕಿ ಇದೆ. ಗಾಜು ತೆಗೀರಿ."

"ತಾಪಮಾನ..."

"ಒಳಗಿರೋದು ಮಗು, ಐಸ್‌ಕ್ರೀಮಲ್ಲ. ತೆಗೀರಿ."

ನಾಬೋರನಿಗೆ ಕಿವಿ ಮತ್ತೆ ಬಂತು. ಅವನೇ ಬೀಗದ ಕೈ ತಂದ.

ಮಗುವನ್ನು ಎತ್ತಿಕೊಂಡಾಗ ಎದೆಲ್ಮಿರಾ ಅಳುತ್ತಾಳೆಂದು ಹೆಂಗಸರು ಕರವಸ್ತ್ರ ಸಿದ್ಧಮಾಡಿಕೊಂಡಿದ್ದರು. ಅವಳು ಮಗುವಿನ ಬೆನ್ನಿಗೆ ಅಂಟಿದ್ದ ಪ್ಲಾಸ್ಟಿಕ್ ಹುಲ್ಲನ್ನು ಕೊಡವಿ, "ಏಳು, ಸಾಕು ಮಲಗಿದ್ದು" ಎಂದು ಅದನ್ನೇ ಗದರಿದಳು. ನಿಲುವಂಗಿ ಮಡಿಕೆಯ ಗುಂಟ ಮಾಸಿತ್ತು. ಬೆರಳುಗಳು ಸೆಡೆತುಹೋಗಿ ಗುಂಡಿ ಹಾಕಲು ಆಗಲಿಲ್ಲ. ಗ್ರಾಸಿಯೆಲಾ ಫೋನು ಕೆಳಗಿಟ್ಟು ಹಾಕಿಕೊಟ್ಟಳು. ಅಂಗಿ ಸರಿಯಾಗಿಯೇ ಹಿಡಿಸಿತು. ಮರದ ಮಗು, ಬೆಳೆಯುವುದಿಲ್ಲವಲ್ಲ.

ಇಗರ್ಜಿಗೆ ಜಿಟಿಜಿಟಿ ಮಳೆಯಲ್ಲೇ ಹೋದರು. ಮಗುವಿನ ತಲೆಯ ಮೇಲೆ ಲಿಸೆನ್ಸಿಯಾದೊ ತಾನೇ ಕೊಡೆ ಹಿಡಿದಿದ್ದ. ಅರ್ಧ ದಾರಿಯಲ್ಲೇ ಅವನಿಗೆ ಮಾತು ಮರಳಿತು. ಈ ಕಾರ್ಯಕ್ರಮವನ್ನು ಪ್ರತಿ ವರ್ಷ ಹೀಗೇ ನಡೆಸಬೇಕೆಂದು ತಾನು ಬಹಳ ದಿನದಿಂದ ಯೋಚಿಸಿದ್ದಾಗಿ ಪಕ್ಕದ ಗಣ್ಯರಿಗೆ ಹೇಳುತ್ತಿದ್ದ. ಎದೆಲ್ಮಿರಾ ಹಲ್ಲು ಕಚ್ಚಿ ನಡೆದಳು. ಎರಡು ಕೈಯಲ್ಲೂ ಮಗು ಇತ್ತು, ಇಲ್ಲದಿದ್ದರೆ ಆ ಕೊಡೆಗೆ ಬೇರೆ ಉಪಯೋಗ ಬರುತ್ತಿತ್ತು.

ಪಾದ್ರಿ ನೀರು ಚಿಮುಕಿಸಿದ. ಹೊರಗೆ ಬಂದು ಮೆಟ್ಟಿಲಿಳಿದಾಗ ಅವಳು ನಿಂತಳು. ಎಡಕ್ಕೆ ತನ್ನ ಮನೆ, ಬಲಕ್ಕೆ ಗಿರಣಿ. ಎಲ್ಲರೂ ನಿಂತರು.

"ಯಾವ ಕಡೆ ದೋನ್ಯಾ?" ಎಂದ ನಾಬೋರ್. ಕೇಳಿದ್ದು ತುಟಿಯಲ್ಲಿ ಮಾತ್ರ.

ಎಡಕ್ಕೆ ತಿರುಗಿದ್ದರೆ ತಡೆಯುವ ಗಂಡಸು ಅಲ್ಲಿರಲಿಲ್ಲ. ಅವಳು ಮಗುವಿನ ಬೆರಳಿಲ್ಲದ ಕಾಲನ್ನು ಅಂಗಿಯೊಳಗೆ ಸರಿಸಿದಳು. ಜ್ಞಾನತಾಯಿ ಎಂದರೆ ತಾಯಿಯಲ್ಲ. ಮಗು ಶೆಡ್ಡಿನದು, ಚಂದಾ ಕೊಟ್ಟವರದು, ಅವರಲ್ಲಿ ಅರ್ಧ ಜನ ಈಗ ಮಣ್ಣಿನಲ್ಲಿದ್ದರು. ಅವಳು ಬಲಕ್ಕೆ ತಿರುಗಿದಳು. ಹಾಗೆ ತಿರುಗಬೇಕಾಗಿ ಬಂದದ್ದಕ್ಕೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂತು.

ಗಾಜಿನ ಪೆಟ್ಟಿಗೆಯ ಕಡೆ ಅವಳು ನೋಡಲೇ ಇಲ್ಲ. ಹಳೆಯ ಗೋಡೆಗೂಡಿನಲ್ಲಿ ಬೆಂಕಿ ಆರಿಸುವ ಸಿಲಿಂಡರೊಂದನ್ನು ನಿಲ್ಲಿಸಿದ್ದರು. ನಾಬೋರ್ ಅದನ್ನು ಕೆಳಗಿಳಿಸಿದ. ಮಗುವನ್ನು ಅಲ್ಲಿ ಕೂರಿಸಿದಳು, ಮಗ್ಗಗಳ ಕಡೆ ಮುಖಮಾಡಿ. ಅನಾಮಧೇಯ ಎಂದು ಬರೆದಿದ್ದ ಫಲಕವನ್ನು ಗೋಡೆಯಿಂದ ಕಿತ್ತು ಲಿಸೆನ್ಸಿಯಾದೊನ ಕೈಗೆ ಕೊಟ್ಟಳು.

"ಚಂದಾ ಕೊಟ್ಟವರಿಗೆಲ್ಲ ಹೆಸರಿತ್ತು. ಬರೆಸಿ."

ಅಷ್ಟರಲ್ಲಿ ಅವನು ಫೋನು ಮಾಡಿ ತರಿಸಿದ್ದ ತಮಾಲೆ ಬಂತು. ಜೋಳದ ಸಿಪ್ಪೆ ಬಿಡಿಸಿ ಎದೆಲ್ಮಿರಾ ಒಂದು ತುತ್ತು ಬಾಯಿಗಿಟ್ಟಳು. ಹಿಟ್ಟು ಒಣಗಿತ್ತು, ಹಂದಿಕೊಬ್ಬು ಸಾಲದು, ಒಳಗಿನ ಕೋಳಿಗೆ ಖಾರ ತಟ್ಟಿರಲಿಲ್ಲ. ಅವಳು ನಿಧಾನವಾಗಿ ಅಗಿದು ನುಂಗಿದಳು.

"ಮುಂದಿನ ವರ್ಷ ನಿಮ್ಮ ಸರದಿ" ಎಂದಳು. "ಮೊದಲನೇ ವರ್ಷ ಬಿಳಿ ಬಟ್ಟೆ. ಅಂಗಡೀದು ತರೋ ಹಾಗಿಲ್ಲ, ಕೈಯಲ್ಲೇ ಹೊಲೀಬೇಕು. ತಮಾಲೆ ಮನೇಲೇ ಮಾಡಿಸಬೇಕು. ನಾನು ಬಂದು ನೋಡ್ತೀನಿ."

ಲಿಸೆನ್ಸಿಯಾದೊ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದ.

"ಕೈ ತೆಗೀರಿ" ಎಂದಳು ಎದೆಲ್ಮಿರಾ.